ಕ್ಯಾನ್ಸರ್ ಗೆಡ್ಡೆಯಲ್ಲಿ ಆಮ್ಲಜನಕದ ಕೊರತೆ ಮತ್ತು ವಿಕಿರಣ ಚಿಕಿತ್ಸೆ

ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಸದೆ ಹಲವು ವಾರಗಳ ಕಾಲ ನೀಡಲಾಗುತ್ತದೆ. ಗೆಡ್ಡೆಯೊಳಗಿನ ಆಮ್ಲಜನಕದ ಕೊರತೆಯು ಇದಕ್ಕೆ ಒಂದು ಮುಖ್ಯ ಕಾರಣವಾಗಿರುತ್ತದೆ.

ಗೆಡ್ಡೆಯು ಬೆಳೆಯುವ ವೇಗಕ್ಕೆ ತಕ್ಕಂತೆ ರಕ್ತನಾಳಗಳು ಬೆಳೆಯಲಾರವು. ರಕ್ತನಾಳದಿಂದ ಸುಮಾರು 0.1ರಿಂದ 0.2 ಮಿ.ಮೀ. ಆಚೆಗೆ ಆಮ್ಲಜನಕವು ತಲುಪುವುದು ಕಷ್ಟ. ಆದರೂ ಅಲ್ಲಿನ ಜೀವಕೋಶಗಳೆಲ್ಲವೂ ಸಾಯುವುದಿಲ್ಲ. ಎಚ್‌ಐಎಫ್-1 ಎಂಬ ಪ್ರೋಟೀನು ಅವುಗಳಲ್ಲಿ ಶೇಖರಗೊಂಡು, ಆಮ್ಲಜನಕವಿಲ್ಲದೆಯೇ ಸಕ್ಕರೆಯಿಂದ ಶಕ್ತಿ ಪಡೆಯಲು ಹಾಗೂ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳಲು ನೆರವಾಗುತ್ತದೆ. ಜೀವಕೋಶಗಳು ಆಮ್ಲಜನಕದ ಮಟ್ಟವನ್ನು ಗ್ರಹಿಸುವ ಕ್ರಮವನ್ನು ಶೋಧಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ನೀಡಲಾಯಿತು.

ವಿಕಿರಣವು ಡಿಎನ್‌ಎಗೆ ಮಾಡಿದ ಹಾನಿಯನ್ನು ಸರಿಪಡಿಸಲಾಗದಂತೆ ಮಾಡುವುದು ಆಮ್ಲಜನಕ. ಅದಿಲ್ಲದ ಜೀವಕೋಶವನ್ನು ನಾಶಪಡಿಸಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗುತ್ತದೆ. ರಕ್ತದ ಮೂಲಕ ಸಾಗುವ ಔಷಧಿಗಳೂ ಅಲ್ಲಿಗೆ ಕಡಿಮೆ ಪ್ರಮಾಣದಲ್ಲಿ ತಲುಪುತ್ತವೆ. ವಿಕಿರಣವನ್ನು ಹಲವು ದಿನಗಳಿಗೆ ಹಂಚಿದಾಗ, ಆಮ್ಲಜನಕವುಳ್ಳ ಜೀವಕೋಶಗಳು ಮೊದಲು ಸಾಯುತ್ತವೆ. ಉಳಿದವುಗಳಿಗೆ ಆಮ್ಲಜನಕವು ದೊರೆತು, ಮುಂದಿನ ಸರದಿಗಳಲ್ಲಿ ಅವೂ ಹಾನಿಗೊಳಗಾಗುತ್ತವೆ.

ಬೆರಳ ತುದಿಗೆ ಹಾಕುವ ಆಮ್ಲಜನಕ ಮಾಪಕವು ಗೆಡ್ಡೆಯೊಳಗಿನ ಈ ಕೊರತೆಯನ್ನು ತೋರಿಸುವುದಿಲ್ಲ.

ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮತ್ತು ರಕ್ತಹೀನತೆ ಇವೆರಡೂ ರಕ್ತವು ಆಮ್ಲಜನಕವನ್ನು ಒಯ್ಯುವ ಸಾಮರ್ಥ್ಯವನ್ನು ಕುಗ್ಗಿಸುತ್ತವೆ. ಆದುದರಿಂದ ಚಿಕಿತ್ಸೆ ಪಡೆಯುವವರು ಧೂಮಪಾನವನ್ನು ಸಂಪೂರ್ಣವಾಗಿ ನಿಲ್ಲಿಸತಕ್ಕದ್ದು. ವೈದ್ಯರು ಸೂಚಿಸಿದಾಗ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಿಗದಿತ ದಿನದಂದು ಬರಲಾಗದಿದ್ದಲ್ಲಿ, ಮುಂಚಿತವಾಗಿ ವಿಕಿರಣ ಚಿಕಿತ್ಸಾ ವಿಭಾಗಕ್ಕೆ ತಿಳಿಸಿ ಬದಲಿ ದಿನಾಂಕವನ್ನು ಪಡೆಯುವುದು.