ವಿದ್ಯಾರ್ಥಿವೇತನದ ಅರ್ಜಿ: ನೀವು ಕೊಟ್ಟ ಮಾಹಿತಿಯನ್ನು ನೀವು ಕೇಳಬಹುದು



ಒಂದು ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಮನೆಯ ಅರ್ಧ ಚರಿತ್ರೆಯೇ ಹೊರಗೆ ಹೋಗುತ್ತದೆ. ಆಧಾರ್ ಪ್ರತಿ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್, ಕೆಲವೊಮ್ಮೆ ತಂದೆಯ ಮರಣ ಪ್ರಮಾಣಪತ್ರ ಅಥವಾ ತಾಯಿಯ ಆಸ್ಪತ್ರೆಯ ಕಾಗದ. ಕಾಲೇಜಿಗೊಂದು ಪ್ರತಿ, ಸರ್ಕಾರದ ಪೋರ್ಟಲ್‌ಗೆ ಒಂದು, ಟ್ರಸ್ಟ್‌ಗೆ ಒಂದು. ಆಮೇಲೆ ಅವು ಎಲ್ಲಿ ಉಳಿದವು, ಯಾರ ಕೈಗೆ ಹೋದವು ಎಂದು ಕೇಳುವವರು ಕಡಿಮೆ. ಕೇಳಿದರೆ ಸಹಾಯ ತಪ್ಪಿಹೋದೀತು ಎಂಬ ಅಳುಕು ಬಡ ಪೋಷಕರಲ್ಲಿ ಹೆಚ್ಚು. ಆ ಅಳುಕು ಬೇಕಾಗಿಲ್ಲ. ಸಹಾಯ ಪಡೆದವರಿಗೂ ತಮ್ಮ ಮಾಹಿತಿಯ ಮೇಲೆ ಹಕ್ಕಿದೆ. ಅದನ್ನು ಬಳಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಹಕ್ಕಿನ ಮೂಲ

ಈ ಹಕ್ಕಿನ ಹಿಂದೆ ಒಬ್ಬ ಕನ್ನಡಿಗರ ಹೋರಾಟವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ನೀಡಿತು. ಅನಂತರ ಬಂದದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮಾಹಿತಿ ಕೇಳುವ ಹಕ್ಕಿನ ಭಾಗ ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇ ತಿಂಗಳವರೆಗೆ.

ಖಾಸಗಿ ಸಂಸ್ಥೆಯಿಂದ ಕೇಳುವುದು

ನಿಮ್ಮ ಒಪ್ಪಿಗೆ ಪಡೆದು ಮಾಹಿತಿ ಇಟ್ಟುಕೊಂಡ ಕಾಲೇಜು, ಕಂಪನಿ, ಟ್ರಸ್ಟ್ ಯಾವುದೇ ಇರಲಿ, ಹೊಸ ಕಾಯ್ದೆಯ ಪ್ರಕಾರ ಮುಖ್ಯವಾಗಿ ಮೂರು ಸಂಗತಿ ಕೇಳಬಹುದು: ನನ್ನ ಯಾವ ಮಾಹಿತಿ ನಿಮ್ಮಲ್ಲಿದೆ? ಅದನ್ನು ಏನು ಮಾಡುತ್ತಿದ್ದೀರಿ? ಬೇರೆ ಯಾರಿಗೆ ಕೊಟ್ಟಿದ್ದೀರಿ? ತಪ್ಪಿದ್ದರೆ ತಿದ್ದಿಸಬಹುದು, ಕೆಲಸ ಮುಗಿದಿದ್ದರೆ ಅಳಿಸಲು ಹೇಳಬಹುದು. ಹದಿನೆಂಟು ತುಂಬದ ಮಕ್ಕಳ ಪರವಾಗಿ ತಂದೆ ತಾಯಿ ಅಥವಾ ಪೋಷಕರು ಕೇಳಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲಿ ಓದುವ ಅವಕಾಶವನ್ನೂ ಕೊಡಬೇಕು. ಕಾಯ್ದೆ ಅನ್ವಯಿಸುವುದು ಕಂಪ್ಯೂಟರ್, ಮೊಬೈಲ್‌ನಲ್ಲಿರುವ ಮಾಹಿತಿಗೆ. ಕೈಬರಹದ ರಿಜಿಸ್ಟರ್ ಸ್ಕ್ಯಾನ್ ಆದ ಮೇಲೆ ಮಾತ್ರ ಅದರ ವ್ಯಾಪ್ತಿಗೆ ಬರುತ್ತದೆ.

ಸರ್ಕಾರಿ ಕಚೇರಿಯಿಂದ ಕೇಳುವುದು

ಸವಲತ್ತು ನೀಡಲು ಸರ್ಕಾರವು ಒಪ್ಪಿಗೆಯಿಲ್ಲದೆಯೇ ಬಳಸಬಹುದಾದ ಮಾಹಿತಿಗೆ ಮೇಲಿನ ಹಕ್ಕು ಸಿಗುವುದಿಲ್ಲ. ಅರ್ಜಿ ಏಕೆ ತಿರಸ್ಕೃತವಾಯಿತು, ಕಡತ ಎಲ್ಲಿ ನಿಂತಿದೆ ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆಯೇ ದಾರಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ ಇರಬೇಕು. 30 ದಿನಗಳಲ್ಲಿ ಉತ್ತರ ಬರಬೇಕು.

2011ರ ಆಗಸ್ಟ್ 9ರಂದು ಸಿಬಿಎಸ್‌ಇ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪರೀಕ್ಷೆ ಬರೆದವನಿಗೆ ತನ್ನ ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕಿದೆ ಎಂದು ಹೇಳಿತು. ಮೌಲ್ಯಮಾಪಕರ ಹೆಸರು ಮಾತ್ರ ಸಿಗುವುದಿಲ್ಲ. ಮಂಡಳಿ ಪತ್ರಿಕೆಗಳನ್ನು ಕಾದಿರಿಸುವ ಅವಧಿ ಮುಗಿದರೆ ಈ ಹಕ್ಕೂ ಮುಗಿಯಿತು. ಆದ್ದರಿಂದ ಫಲಿತಾಂಶ ಬಂದ ಕೂಡಲೇ ಕೇಳಿ. 2025ರ ನವೆಂಬರ್‌ನ ತಿದ್ದುಪಡಿಯ ಬಳಿಕ ಬೇರೆಯವರ ವೈಯಕ್ತಿಕ ಮಾಹಿತಿಯನ್ನು ಕಚೇರಿಗಳು ಇನ್ನಷ್ಟು ಸುಲಭವಾಗಿ ನಿರಾಕರಿಸಬಹುದು. ಹಾಗಾಗಿ ಕೇಳುತ್ತಿರುವುದು ನನ್ನದೇ ಮಾಹಿತಿ ಎಂದು ಮೊದಲ ಸಾಲಿನಲ್ಲೇ ಬರೆಯಿರಿ.

ಪತ್ರದ ಮಾದರಿ

"ನಾನು ಇಂಥ ದಿನಾಂಕದಂದು ನಿಮ್ಮ ಸಂಸ್ಥೆಗೆ ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಿದ್ದೇನೆ. ಅರ್ಜಿ ಸಂಖ್ಯೆ ಇಂತಿಷ್ಟು. ನನಗೆ ಸಂಬಂಧಿಸಿದ ಯಾವ ಮಾಹಿತಿ ನಿಮ್ಮಲ್ಲಿದೆ, ಅದನ್ನು ಯಾವ ಉದ್ದೇಶಕ್ಕೆ ಬಳಸಿದ್ದೀರಿ, ಯಾರೊಂದಿಗೆ ಹಂಚಿಕೊಂಡಿದ್ದೀರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ."

ಇಷ್ಟು ಸಾಕು. ಕೋಪದ ಮಾತು ಬೇಡ, ಕಾನೂನಿನ ಕಲಂಗಳ ಪಟ್ಟಿಯೂ ಬೇಡ. ಗುರುತಿಗೆ ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೊಡಿ. ಪತ್ರದ ನಕಲು ಮತ್ತು ಸ್ವೀಕೃತಿ ಅಥವಾ ಅಂಚೆಯ ರಸೀದಿ ಇಟ್ಟುಕೊಳ್ಳಿ. ಮುಂದೆ ದೂರು ಕೊಡಬೇಕಾಗಿ ಬಂದರೆ ಅದೇ ನಿಮ್ಮ ಸಾಕ್ಷಿ.

ಉತ್ತರ ಬಾರದಿದ್ದರೆ

ಸರ್ಕಾರಿ ಕಚೇರಿಯಾದರೆ 30 ದಿನಗಳೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಕೇಂದ್ರ ಸರ್ಕಾರದ ಕಚೇರಿಯಾದರೆ ಕೇಂದ್ರ ಮಾಹಿತಿ ಆಯೋಗಕ್ಕೆ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ಬೀಳಬಹುದು.

ಖಾಸಗಿ ಸಂಸ್ಥೆಯಾದರೆ, ಹೊಸ ಕಾಯ್ದೆ ಪೂರ್ಣ ಜಾರಿಯಾದ ಮೇಲೆ ಮೊದಲು ಸಂಸ್ಥೆಗೇ ದೂರು ಕೊಡಬೇಕು. 90 ದಿನಗಳೊಳಗೆ ಅವರು ಅದನ್ನು ಇತ್ಯರ್ಥಪಡಿಸಬೇಕು. ಆಗದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ಆನ್‌ಲೈನ್ ದೂರು. ಮಂಡಳಿಯ ಆದೇಶ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ದೂರಸಂಪರ್ಕ ವ್ಯಾಜ್ಯಗಳ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಸಿವಿಲ್ ಕೋರ್ಟಿಗೆ ಈ ವಿಷಯದಲ್ಲಿ ಅಧಿಕಾರವಿಲ್ಲ. ಮಾಹಿತಿಗೆ ಸರಿಯಾದ ರಕ್ಷಣೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡವಿದೆ. ಆದರೆ ಆ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆ, ದೂರುದಾರರಿಗೆ ಪರಿಹಾರವಾಗಿ ಬರುವುದಿಲ್ಲ. ಸುಳ್ಳು ದೂರು ಕೊಟ್ಟವರಿಗೂ 10,000 ರೂಪಾಯಿವರೆಗೆ ದಂಡವಿದೆ.

ನಮ್ಮ ಮನೆಯಿಂದಲೇ ಆರಂಭ

ಧರ್ಮದ ಕೆಲಸ ಮಾಡುವ ಟ್ರಸ್ಟ್ ಎಂದ ಮಾತ್ರಕ್ಕೆ ಈ ಕಾಯ್ದೆಯಿಂದ ವಿನಾಯಿತಿ ಇಲ್ಲ. ಅರ್ಜಿದಾರರು ಕೊಟ್ಟ ಕಾಗದ ನಮ್ಮ ಬಳಿ ಇರುವ ಅಮಾನತ್. ದಾನಿಗಳಿಗೆ ತಮ್ಮ ಹಣದ ಲೆಕ್ಕ ಕೇಳುವ ಹಕ್ಕು ಖಂಡಿತ ಇದೆ. ಎಷ್ಟು ಮಕ್ಕಳಿಗೆ, ಯಾವ ಕೋರ್ಸಿಗೆ, ಎಷ್ಟು ಮೊತ್ತ ಎಂಬುದರಿಂದ ಆ ಲೆಕ್ಕ ಪೂರ್ತಿಯಾಗುತ್ತದೆ. ಚೆಕ್ ಹಿಡಿದು ನಿಂತ ಹುಡುಗಿಯ ಭಾವಚಿತ್ರ, ಅವಳ ಮನೆಯ ಆದಾಯದ ವಿವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಬೇಕಾಗಿಲ್ಲ. ನಾಳೆ ಅವಳೇ ಈ ಊರಿನ ವೈದ್ಯೆಯೋ ಶಿಕ್ಷಕಿಯೋ ಆಗಿ ಬಂದಾಗ ಆ ಚಿತ್ರ ಇನ್ನೂ ಯಾರದೋ ಮೊಬೈಲಿನಲ್ಲಿ ಇರುತ್ತದೆ. ಎಡಗೈಗೆ ತಿಳಿಯದಂತೆ ಕೊಡುವ ದಾನದ ಸಂಸ್ಕೃತಿ ನಮ್ಮದು. ಕಾಯ್ದೆ ಈಗ ಹೇಳುತ್ತಿರುವುದೂ ಅದಕ್ಕೆ ದೂರವಾದ ಮಾತಲ್ಲ.

ಈ ವರ್ಷ ಅರ್ಜಿ ಸಲ್ಲಿಸುವವರು ತಾವು ಕೊಟ್ಟ ಕಾಗದಗಳ ಪಟ್ಟಿಯನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿ. ಅರ್ಜಿಯಲ್ಲಿ ಕೇಳದ ದಾಖಲೆ ಲಗತ್ತಿಸಬೇಡಿ. ಟ್ರಸ್ಟಿನಲ್ಲಿರುವ ನಿಮ್ಮ ಮಾಹಿತಿಯ ಬಗ್ಗೆ ತಿಳಿಯಬೇಕಿದ್ದರೆ ಮೇಲಿನ ಮಾದರಿಯಂತೆ ಕಾರ್ಯದರ್ಶಿಯವರಿಗೆ ಒಂದು ಪತ್ರ ಕೊಡಿ. 2027ರವರೆಗೆ ಕಾಯಬೇಕಾದ ಅಗತ್ಯವಿಲ್ಲ.