ಚಾಕೊಲೇಟಿನ ಉಂಡೆಗೆ ಹದವೇ ಪ್ರಾಣ

ಉಂಡೆ ಕಟ್ಟುವ ವಿದ್ಯೆಯನ್ನು ಕನ್ನಡ ನಾಡಿನ ಗೃಹಿಣಿಗೆ ಯಾರೂ ಕಲಿಸಬೇಕಾಗಿಲ್ಲ. ರವೆಯುಂಡೆ ಒಡೆಯದಂತೆ, ಎಳ್ಳುಂಡೆ ಕಲ್ಲಾಗದಂತೆ ಪಾಕದ ಹದವನ್ನು ಬೆರಳ ತುದಿಯಲ್ಲೇ ಅಳೆಯಬಲ್ಲವಳು ಆಕೆ. ಆದರೂ ಫ್ರೆಂಚರ ಟ್ರಫಲ್ ಎಂಬ ಚಾಕೊಲೇಟು ಉಂಡೆಯ ಹೆಸರೆತ್ತಿದರೆ, ಅದೇನಿದ್ದರೂ ಬೇಕರಿಯವರ ಕೆಲಸವೆಂದು ಹಿಂಜರಿಯುವವರೇ ಹೆಚ್ಚು. ಇದಕ್ಕೆ ಬೇಕಾದುದು ಮುಖ್ಯವಾಗಿ ಎರಡೇ ಸಾಮಗ್ರಿ: ಚಾಕೊಲೇಟು ಮತ್ತು ಹಾಲಿನ ಕೆನೆ. ಒಲೆಯ ಮುಂದೆ ನಿಲ್ಲಬೇಕಾದುದು ಐದೇ ನಿಮಿಷ. ಆದರೆ ಆ ಐದು ನಿಮಿಷದಲ್ಲಿ ಹದ ತಪ್ಪಿತೋ, ಬೆಲೆಬಾಳುವ ಚಾಕೊಲೇಟು ಎಣ್ಣೆ ಬಿಟ್ಟುಕೊಂಡು ಕೂರುತ್ತದೆ.

ಟ್ರಫಲ್ ಮೂಲತಃ ಸಿಹಿತಿಂಡಿಯ ಹೆಸರಲ್ಲ. ಫ್ರಾನ್ಸಿನಲ್ಲಿ ಓಕ್ ಮರಗಳ ಬೇರಿನ ಬಳಿ, ಮಣ್ಣಿನೊಳಗೆ ಅಡಗಿ ಬೆಳೆಯುವ, ನಾಯಿಗಳು ಮೂಸಿ ಹುಡುಕಿಕೊಡುವ ಒಂದು ಬಗೆಯ ಶಿಲೀಂಧ್ರದ ಹೆಸರದು. ಕೋಕೋ ಪುಡಿಯಲ್ಲಿ ಹೊರಳಿದ ಉಂಡೆ, ಆಗತಾನೆ ಅಗೆದು ತೆಗೆದ ಆ ಗಂಟಿನಂತೆಯೇ ತೋರುವುದರಿಂದ ಹೆಸರು ಇದಕ್ಕೂ ಅಂಟಿಕೊಂಡಿತು. ಆದುದರಿಂದ ಉಂಡೆ ಗುಂಡಗೆ ಬಾರದಿದ್ದರೆ ಕೊರಗಬೇಕಿಲ್ಲ; ಅಂಕುಡೊಂಕೇ ಇದಕ್ಕೆ ಭೂಷಣ.

ಇನ್ನು ಚಾಕೊಲೇಟಿನ ಆಯ್ಕೆ. ಅರ್ಧ ಗೆಲುವು ಇಲ್ಲಿಯೇ ಇದೆ. ನಿಜವಾದ ಚಾಕೊಲೇಟಿನ ಜೀವ ಕೋಕೋ ಬೆಣ್ಣೆ. ಅದು ಸುಮಾರು 34 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ, ಎಂದರೆ ನಮ್ಮ ಮೈಯ ಶಾಖಕ್ಕಿಂತ ತುಸು ಕಡಿಮೆಯಲ್ಲೇ, ಕರಗಿಬಿಡುತ್ತದೆ. ಬಾಯಿಗಿಟ್ಟೊಡನೆ ನೀರಾಗುವ ಗುಟ್ಟು ಇಷ್ಟೆ. ‘ಕಾಂಪೌಂಡ್’ ಎಂಬ ಹೆಸರಿನಲ್ಲಿ ಅಗ್ಗವಾಗಿ ಸಿಗುವ ಗಟ್ಟಿಯಲ್ಲಿ ಆ ಬೆಣ್ಣೆಯ ಸ್ಥಾನವನ್ನು ಬೇರೆ ಸಸ್ಯಜನ್ಯ ಕೊಬ್ಬು ಆಕ್ರಮಿಸಿರುತ್ತದೆ. ಅದರ ಉಂಡೆ ತಿಂದರೆ ಮೇಣ ಮೆದ್ದಂತೆ. ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಕೊಳ್ಳುವುದು ಜಾಣತನ. ಇದಕ್ಕಾಗಿ ಪರದೇಶದ ಸರಕನ್ನೇ ಅರಸಬೇಕೆಂದೇನೂ ಇಲ್ಲ. ದಕ್ಷಿಣ ಕನ್ನಡದ ಅಡಕೆ ತೋಟಗಳ ನೆರಳಿನಲ್ಲಿ ಕೋಕೋ ಬೆಳೆಯುತ್ತದೆ. 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು.

ಕಪ್ಪು ಚಾಕೊಲೇಟು 200 ಗ್ರಾಂ, ಕೆನೆ 100 ಗ್ರಾಂ, ಉಪ್ಪಿಲ್ಲದ ಬೆಣ್ಣೆ ಒಂದು ಚಮಚ. ಹಾಲಿನ ಚಾಕೊಲೇಟಾದರೆ ಅದು ಮೆದು; 250 ಗ್ರಾಂ ಬೇಕು. ಕಾಯಿಸಿದ ಹಾಲಿನ ಮೇಲೆ ಕಟ್ಟುವ ಕೆನೆ ಗಂಟಾಗುವುದರಿಂದ ಸಲ್ಲದು. ಪೊಟ್ಟಣದಲ್ಲಿ ದೊರೆಯುವ ತೆಳು ಕೆನೆಯೇ ಉತ್ತಮ. ಚಾಕೊಲೇಟನ್ನು ಸಣ್ಣಗೆ ಹೆಚ್ಚಿ, ಒಣಗಿದ ಬೋಗುಣಿಗೆ ಹಾಕಿಡಬೇಕು. ಕೆನೆಯನ್ನು ಸಣ್ಣ ಉರಿಯಲ್ಲಿಟ್ಟು, ಅಂಚಿನಲ್ಲಿ ಗುಳ್ಳೆಯೇಳುತ್ತಲೇ ಇಳಿಸಿ, ಅದರ ಮೇಲೆ ಸುರಿಯಬೇಕು. ಎರಡು ನಿಮಿಷ ಮುಟ್ಟಕೂಡದು. ಅನಂತರ ನಡುವಿನಿಂದ ಆರಂಭಿಸಿ ಅಂಚಿನತ್ತ ಮೆಲ್ಲಗೆ ಕಲಸುತ್ತ ಬಂದರೆ, ಕಣ್ಣೆದುರಿಗೇ ಅದು ಹೊಳೆಯುವ ನುಣುಪಾದ ಲೇಹವಾಗುತ್ತದೆ. ಬೆಣ್ಣೆ ಸೇರಿಸುವುದು ಆಗ. ಪರಿಮಳಕ್ಕೆ ಏಲಕ್ಕಿಯನ್ನೋ ಕಾಫಿಪುಡಿಯನ್ನೋ ಬಯಸುವವರು ಅದನ್ನು ಬಿಸಿ ಕೆನೆಯಲ್ಲೇ ನೆನೆಸಿ ಸೋಸಿಕೊಳ್ಳಬಹುದು.

ಕೆನೆಯ ನೀರಿನಂಶದಲ್ಲಿ ಕೊಬ್ಬು ಸೂಕ್ಷ್ಮ ಹನಿಗಳಾಗಿ ಹರಡಿ ನಿಂತಾಗ ಮಾತ್ರ ಈ ನುಣುಪು. ಶಾಖ ಅತಿಯಾದರೆ ಹನಿಗಳು ಒಂದುಗೂಡಿ ಎಣ್ಣೆ ಮೇಲೆ ತೇಲುತ್ತದೆ. ಗಾಬರಿಯಾಗಿ ಚೆಲ್ಲುವವರುಂಟು; ಅದು ಅನ್ಯಾಯ. ಬೆಚ್ಚನೆಯ ಹಾಲನ್ನು ಚಮಚ ಚಮಚವಾಗಿ ಬೆರೆಸಿ ಕಲಸಿದರೆ ಸಾಮಾನ್ಯವಾಗಿ ಮತ್ತೆ ಕೂಡಿಕೊಳ್ಳುತ್ತದೆ. ವಿಚಿತ್ರವೆಂದರೆ, ಕರಗಿದ ಬರಿಯ ಚಾಕೊಲೇಟಿಗೆ ಎರಡೇ ಹನಿ ನೀರು ಬಿದ್ದರೂ ಸಕ್ಕರೆಯೂ ಕೋಕೋ ಕಣಗಳೂ ಒಂದಕ್ಕೊಂದು ಅಂಟಿ ಮುದ್ದೆಗಟ್ಟುತ್ತವೆ. ಅದೇ ದ್ರವ ಸಾಕಷ್ಟಿದ್ದರೆ ಎಲ್ಲವೂ ಸಡಿಲಗೊಂಡು ನುಣ್ಣಗಾಗುತ್ತದೆ. ಅರೆಬರೆ ಒದ್ದೆಯೇ ಇದರ ಶತ್ರು.

ತಂಪು ಪೆಟ್ಟಿಗೆಯಲ್ಲಿ ಎರಡು ಮೂರು ಗಂಟೆ ಬಿಟ್ಟ ಮೇಲೆ ಚಮಚದಿಂದ ತೋಡಿ, ನೆಲ್ಲಿಕಾಯಿ ಗಾತ್ರಕ್ಕೆ ಉರುಳಿಸಬೇಕು; ಸುಮಾರು 25 ಉಂಡೆಗಳಾದಾವು. ಅಂಗೈ ಬಿಸಿಯಾದಾಗ ತಣ್ಣೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿಕೊಳ್ಳುವುದು ಒಳ್ಳೆಯದು. ಕೊನೆಗೆ ಜರಡಿ ಹಿಡಿದ, ಸಕ್ಕರೆಯಿಲ್ಲದ ಕೋಕೋ ಪುಡಿಯಲ್ಲಿ ಹೊರಳಿಸಿದರಾಯಿತು. ಬೀಜವನ್ನು ಒತ್ತಿ ಬೆಣ್ಣೆಯನ್ನೂ ಪುಡಿಯನ್ನೂ ಬೇರ್ಪಡಿಸುವ ವಿಧಾನಕ್ಕೆ ನೆದರ್ಲೆಂಡಿನಲ್ಲಿ ಹಕ್ಕುಪತ್ರ ದೊರೆತುದು 1828ರಲ್ಲಿ. ಅಂದು ಅಗಲಿದ ಎರಡೂ ಈ ಪುಟ್ಟ ಉಂಡೆಯಲ್ಲಿ ಮತ್ತೆ ಕೂಡುತ್ತವೆ, ಒಂದು ಒಳಗೆ, ಒಂದು ಹೊರಗೆ.

ಅಂಗಡಿಯ ಟ್ರಫಲ್ ತಿಂಗಳುಗಟ್ಟಲೆ ಬಾಳಬಹುದು. ಮನೆಯದರಲ್ಲಿ ಹಸನಾದ ಕೆನೆಯಿರುವುದರಿಂದ ನಾಲ್ಕೈದು ದಿನಗಳೊಳಗೆ ಮುಗಿಸಬೇಕು. ಮಕ್ಕಳಿರುವ ಮನೆಯಲ್ಲಿ ಈ ಎಚ್ಚರಿಕೆ ಅನಾವಶ್ಯಕವೇನೋ! ಮುಚ್ಚಿದ ಡಬ್ಬಿಯಲ್ಲಿ ತಂಪಾಗಿಟ್ಟು, ತಿನ್ನುವ ಕಾಲು ಗಂಟೆ ಮೊದಲು ಹೊರಗೆ ತೆಗೆಯಬೇಕು. ಬಳ್ಳಾರಿ, ಕಲಬುರಗಿಗಳ ಬೇಸಗೆಯಲ್ಲಾದರೆ ಐದು ನಿಮಿಷ ಸಾಕು.