ಕಾಲಕ್ಕೊಂದು ಹಾಡು



ಈ ವರ್ಷ ಅತಿ ಹೆಚ್ಚು ಜನ ಕೇಳಿದ ಹಾಡು ಯಾವುದು ಎಂದು ಕೇಳಿದರೆ ನೀವು ಕೂಡಲೇ ಒಂದು ಚಿತ್ರಗೀತೆಯ ಹೆಸರು ಹೇಳುವಿರಿ. ಅದನ್ನು ಎಷ್ಟು ಲಕ್ಷ ಜನ ಕೇಳಿದರೆಂಬ ಲೆಕ್ಕವೂ ಮೊಬೈಲಿನಲ್ಲಿ ಸಿಗುತ್ತದೆ. ರೇಡಿಯೋ ಕೂಡ ಬಾರದಿದ್ದ ಕಾಲದಲ್ಲಿ, ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಅಥವಾ ಕಲಘಟಗಿ ಕಡೆಯ ಹಳ್ಳಿಯೊಂದರಲ್ಲಿ ಇದೇ ಪ್ರಶ್ನೆಯನ್ನು ಕೇಳಿದ್ದರೆ? ಅಲ್ಲಿಯವರು ಮೊದಲು ನಿಮಗೇ ಒಂದು ಪ್ರಶ್ನೆ ಹಾಕುತ್ತಿದ್ದರು: "ಯಾವ ತಿಂಗಳದ್ದು?"

ಆ ಪ್ರಶ್ನೆಯಲ್ಲೇ ನಮ್ಮ ಜಾನಪದ ಹಾಡಿನ ಗುಟ್ಟು ಇದೆ. ಹಳ್ಳಿಯ ಹಾಡು ಒಂದು ಕೆಲಸಕ್ಕೆ, ಒಂದು ಹಬ್ಬಕ್ಕೆ, ಒಂದು ಹೊತ್ತಿಗೆ ಸೇರಿದ್ದು. ಆ ಹೊತ್ತು ಬಂದಾಗ ಊರಿಗೆ ಊರೇ ಅದನ್ನು ಹಾಡುತ್ತದೆ. ಹೊತ್ತು ಮುಗಿದ ಮೇಲೆ ಮುಂದಿನ ವರ್ಷದವರೆಗೆ ಅದರ ನೆನಪು ಯಾರಿಗೂ ಆಗುವುದಿಲ್ಲ. ಜನಪ್ರಿಯ ಹಾಡುಗಳ ಪಟ್ಟಿ ಬೇರೆ ಬೇಕಿರಲಿಲ್ಲ, ಪಂಚಾಂಗವೇ ಸಾಕಾಗಿತ್ತು.

ದಿನವೂ ಹಾಡಿದ ಹಾಡು

ವರ್ಷದ ಹಾಡುಗಳಿಗಿಂತ ಮೊದಲು ಪ್ರತಿದಿನದ ಹಾಡನ್ನು ನೋಡೋಣ. ಕೋಳಿ ಕೂಗುವ ಮುನ್ನ ಎದ್ದು ಜೋಳ ಬೀಸುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ಬೀಸುವ ಪದಗಳು ಸಾವಿರಾರು ಇವೆ. ಇಷ್ಟೊಂದು ಹಾಡುಗಳು ಈ ಒಂದು ಕೆಲಸದ ಸುತ್ತಲೇ ಏಕೆ ಹುಟ್ಟಿದವು?

ಕಾರಣ ಜೋಳದ ಕಾಳಿನಲ್ಲೇ ಇದೆ. ಕಾಳಿನ ಮೊಳಕೆಯ ಭಾಗದಲ್ಲಿ ಕೊಬ್ಬಿನ ಅಂಶವಿರುತ್ತದೆ. ಇಡೀ ಕಾಳನ್ನು ಬೀಸಿದಾಗ ಅದು ಹಿಟ್ಟಿನಲ್ಲಿ ಬೆರೆತು, ಗಾಳಿ ತಗುಲಿ, ಬೇಗನೆ ಕಮಟಾಗುತ್ತದೆ. ಹಳೆಯ ಹಿಟ್ಟಿಗೆ ಜಿಗಿಯೂ ಇರುವುದಿಲ್ಲ, ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಆದ್ದರಿಂದ ಒಂದು ತಿಂಗಳ ಹಿಟ್ಟನ್ನು ಒಮ್ಮೆಗೇ ಬೀಸಿಡುವಂತಿರಲಿಲ್ಲ. ಮತ್ತೆ ಮತ್ತೆ ಬೀಸಬೇಕು, ಬೀಸಿದಾಗಲೆಲ್ಲ ಹಾಡಬೇಕು. ಹೀಗೆ ರೊಟ್ಟಿಯ ಊರುಗಳಲ್ಲಿ ಹಾಡು ದಿನದ ಅಡುಗೆಯ ಒಂದು ಭಾಗವಾಯಿತು.

ಬೀಸುವ ಕಲ್ಲಿನ ಗೂಟವನ್ನು ಹಲವು ಸಲ ಇಬ್ಬರು ಎದುರುಬದುರು ಕುಳಿತು ಹಿಡಿಯುತ್ತಿದ್ದರು. ಒಬ್ಬರು ದೂಡುವಾಗ ಇನ್ನೊಬ್ಬರು ಎಳೆಯಬೇಕು. ಇಬ್ಬರ ಬಲ ಒಂದೇ ಹೊತ್ತಿಗೆ ಕೂಡದಿದ್ದರೆ ಕಲ್ಲು ತಡವರಿಸುತ್ತದೆ, ತೋಳು ಬೇಗ ಸೋಲುತ್ತದೆ. ಹಾಡಿನ ಲಯ ಇಬ್ಬರನ್ನೂ ಒಂದೇ ಗತಿಗೆ ತರುತ್ತದೆ. ಈ ಪದಗಳ ಛಂದಸ್ಸು ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ. ಹಾಡುವಾಗ ಎರಡನೆಯ ಸಾಲನ್ನು ಮರಳಿ ಹೇಳುವುದು ವಾಡಿಕೆ. ಅಷ್ಟರಲ್ಲಿ ಮೂರನೆಯ ಸಾಲನ್ನು ನೆನಪಿಸಿಕೊಳ್ಳಲು, ಇಲ್ಲವೇ ಆಗಿಂದಾಗಲೇ ಕಟ್ಟಲು, ಹಾಡುವವಳಿಗೆ ಬಿಡುವು ಸಿಗುತ್ತದೆ. ತವರು, ಅಣ್ಣ, ಅತ್ತೆಯ ಮನೆ, ಮಗು ಹೀಗೆ ಹಗಲು ಬಾಯಿಬಿಟ್ಟು ಹೇಳಲಾಗದ ಸುಖದುಃಖಗಳೆಲ್ಲ ಆ ಕತ್ತಲಲ್ಲಿ ಪದವಾಗಿ ಹೊರಬರುತ್ತಿದ್ದವು. ಇದೇ ತ್ರಿಪದಿಯನ್ನು ಸುಮಾರು ಕ್ರಿ.ಶ. 700ರ ಹೊತ್ತಿಗೆ ಬಾದಾಮಿಯ ಬಂಡೆಯ ಮೇಲೆ, ಕಪ್ಪೆ ಅರಭಟ್ಟನ ಶಾಸನದಲ್ಲಿ, ಕೊರೆಯಲಾಗಿದೆ ಎಂಬುದನ್ನು ನೆನಪಿಡಿ. ಅಕ್ಷರ ಬಾರದ ಅಜ್ಜಿಯ ಬಾಯಲ್ಲಿ ಸಾವಿರದ ಮುನ್ನೂರು ವರ್ಷ ಹಳೆಯ ಛಂದಸ್ಸು ತಪ್ಪಿಲ್ಲದೆ ಉಳಿದಿತ್ತು.

ಹಾಡಿನ ವರುಷ

ಈಗ ಪಂಚಾಂಗದ ಪುಟ ತಿರುವೋಣ. ಮುಂಗಾರು ಕೈಕೊಟ್ಟರೆ ಗುರ್ಜಿಯ ಹಾಡು ಕೇಳುತ್ತದೆ. ರೊಟ್ಟಿಯ ಹಂಚಿನ ಮೇಲೆ ಗುರ್ಜಿಯನ್ನು ಇಟ್ಟು ಒಬ್ಬ ಹುಡುಗ ತಲೆಯ ಮೇಲೆ ಹೊರುತ್ತಾನೆ. ಮನೆಮನೆಯ ಮುಂದೆ ಅವನ ಮೇಲೆ ನೀರು ಸುರಿಯುತ್ತಾರೆ, ಜೊತೆಗಿದ್ದವರು ಹಾಡಿ ಮಳೆಯನ್ನು ಕರೆಯುತ್ತಾರೆ. ಆಷಾಢದ ಮಂಗಳವಾರಗಳಂದು ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ ಹಾಡುತ್ತಾರೆ. ಶ್ರಾವಣದ ನಾಗರಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಮರಕ್ಕೆ ಜೋಕಾಲಿ ಬೀಳುತ್ತದೆ, ಉಂಡಿಯ ಜೊತೆಗೆ ಪಂಚಮಿಯ ಹಾಡುಗಳು.

ಭಾದ್ರಪದದಲ್ಲಿ, ಗಣಪತಿ ಬಂದುಹೋದ ಮೇಲೆ, ಜೋಕುಮಾರನ ಸರದಿ. ಅಂಬಿಗರ ಮನೆಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಮಣ್ಣಿನ ಜೋಕುಮಾರನನ್ನು ಕೂಡಿಸಿಕೊಂಡು, ತುಟಿಗೆ ಬೆಣ್ಣೆ ಹಚ್ಚಿ, ಮನೆಮನೆಗೆ ಹಾಡುತ್ತ ಬರುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ ನೀಡುತ್ತಾರೆ. ಜೋಕುಮಾರನ ಆಯುಷ್ಯ ಏಳೇ ದಿನ, ಅವನ ಹಾಡಿನದೂ ಅಷ್ಟೇ. ಹುಣ್ಣಿಮೆ ಕಳೆದ ಮೇಲೆ ಅದನ್ನು ಯಾರೂ ಗುನುಗುವುದಿಲ್ಲ.

ಮಾಘದ ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟವರ ದಾರಿಯುದ್ದಕ್ಕೂ ಚೌಡಿಕೆಯ ಪದ. ಫಾಲ್ಗುಣದಲ್ಲಿ ಹೋಳಿ. ಹಲಗೆಯ ಸದ್ದು ಎಲ್ಲೆಡೆ ಇದ್ದರೂ ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತು ದೂರದೂರದಿಂದ ಜನ ಬರುತ್ತಾರೆ.

ಸುಗ್ಗಿಯ ಹಾಡನ್ನು ವಿಜ್ಞಾನದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ತೆನೆಯನ್ನು ಕಣದಲ್ಲಿ ಹರವಿ, ನಡುವೆ ನೆಟ್ಟ ಮೇಟಿಯ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತುಳಿಸುತ್ತಿದ್ದರು. ಈ ಸಾಲಿಗೆ ಹಂತಿ ಎಂದು ಹೆಸರು. ಸಾಲಿನ ಎತ್ತುಗಳೆಲ್ಲ ಒಂದು ಸುತ್ತನ್ನು ಒಂದೇ ವೇಳೆಯಲ್ಲಿ ಮುಗಿಸಬೇಕು. ಮೇಟಿಯ ಪಕ್ಕದ ಎತ್ತಿನ ವೃತ್ತ ಚಿಕ್ಕದು, ಹೊರತುದಿಯದರ ವೃತ್ತ ದೊಡ್ಡದು. ಹಾಗಾಗಿ ಒಳಗಿನದು ನಿಧಾನವಾಗಿ, ಹೊರಗಿನದು ಬಿರುಸಾಗಿ ನಡೆಯಬೇಕು, ಸಾಲು ಮುರಿಯಬಾರದು. ತಂಪು ಹೊತ್ತೆಂದು ಈ ಕೆಲಸವನ್ನು ರಾತ್ರಿಯೆಲ್ಲ ನಡೆಸುವುದಿತ್ತು. ಎತ್ತು ನಿಲ್ಲಬಾರದು, ಹಿಂದಿನ ಮನುಷ್ಯ ತೂಕಡಿಸಬಾರದು. ಹಂತಿಯ ಪದಗಳು ಗಂಟೆಗಟ್ಟಲೆ ಸಾಗುವ ಕಥನಗಳಾದದ್ದು ಈ ಕಾರಣದಿಂದ. ಬೆಳಗಾಗುವವರೆಗೆ ಕಥೆ ಮುಗಿಯಬಾರದಿತ್ತು!

ಋತು ಬದಲಿಸುವ ಹಾಡು

ಈ ಪಂಚಾಂಗದಲ್ಲಿ ಒಂದು ಹಾಡು ಮಾತ್ರ ತನ್ನ ಋತುವನ್ನು ಬದಲಿಸುತ್ತಲೇ ಇರುತ್ತದೆ. ಅದು ಮೊಹರಂನ ರಿವಾಯತ್ ಪದ. ಈ ಭಾಗದ ಹಳ್ಳಿಗಳಲ್ಲಿ ಹಿಂದೂ, ಮುಸ್ಲಿಮರು ಕೂಡಿಯೇ ಅಲಾಯಿ ದೇವರನ್ನು ಕೂಡಿಸುತ್ತಾರೆ, ಹೆಜ್ಜೆಮೇಳ ಕಟ್ಟುತ್ತಾರೆ, ಕರ್ಬಲಾದ ದುಃಖವನ್ನು ಕನ್ನಡದಲ್ಲಿ ಹಾಡುತ್ತಾರೆ.

ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನ. ಸೌರವರ್ಷಕ್ಕಿಂತ ಇದು 11 ದಿನ ಕಡಿಮೆ. ನಮ್ಮ ಚೈತ್ರ, ವೈಶಾಖಗಳ ಪಂಚಾಂಗದಲ್ಲಿ ಸುಮಾರು 32-33 ತಿಂಗಳಿಗೊಮ್ಮೆ ಅಧಿಕಮಾಸವನ್ನು ಸೇರಿಸಿ ಈ ಅಂತರವನ್ನು ಸರಿದೂಗಿಸುತ್ತಾರೆ. ಆದ್ದರಿಂದ ಜೋಕುಮಾರ ಮಳೆಗಾಲವನ್ನು ಬಿಟ್ಟು ಹೋಗುವುದಿಲ್ಲ. ಹಿಜರಿ ಪಂಚಾಂಗದಲ್ಲಿ ಅಧಿಕಮಾಸವಿಲ್ಲ. ಮೊಹರಂ ಪ್ರತಿವರ್ಷ ಸುಮಾರು 11 ದಿನ ಮೊದಲೇ ಬಂದು, ಸರಿಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಒಬ್ಬನೇ ಹಾಡುಗಾರ ಒಂದೇ ಪದವನ್ನು ಹುಡುಗನಿದ್ದಾಗ ಬಿಸಿಲಿನಲ್ಲಿ, ನಡುವಯಸ್ಸಿನಲ್ಲಿ ಮಳೆಯಲ್ಲಿ ಹಾಡಿರುತ್ತಾನೆ.

ಮೈಲಿಗಲ್ಲುಗಳು

ಹೊತ್ತಿಗೆ ಕಟ್ಟುಬಿದ್ದ ಈ ಹಾಡುಗಳು ಊರಿನಾಚೆ ಹೋದದ್ದು ಹೇಗೆ? ಕೆಲವು ಮೈಲಿಗಲ್ಲುಗಳನ್ನು ಗುರುತಿಸಬಹುದು.

ಮೊದಲನೆಯದು ಕಾಗದ. 1880ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಹಾಗೂ ಶಾಸನತಜ್ಞ ಜೆ. ಎಫ್. ಫ್ಲೀಟ್ ಅವರು ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಮೊದಲಾದ ಲಾವಣಿಗಳನ್ನು ಬರೆಸಿಕೊಂಡು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಬ್ರಿಟಿಷರ ವಿರುದ್ಧ ಎದ್ದವರ ಹಾಡು ಬ್ರಿಟಿಷ್ ಅಧಿಕಾರಿಯ ಕೈಯಿಂದಲೇ ಅಚ್ಚಾಯಿತು! 1931ರಲ್ಲಿ, ಇಂದಿನ ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' ಹೊರಬಂದಾಗ ಬೀಸುವ ಕಲ್ಲಿನ ತ್ರಿಪದಿಗಳು ಓದುವವರ ಕೈಸೇರಿದವು.

ಎರಡನೆಯದು ಗ್ರಾಮಫೋನ್ ತಟ್ಟೆ. ನಮ್ಮ ದೇಶದಲ್ಲಿ ಧ್ವನಿಮುದ್ರಣ 1902ರಲ್ಲಿ ಆರಂಭವಾಯಿತು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ ಮಾತ್ರ. ರಾತ್ರಿಯೆಲ್ಲ ನಡೆಯುವ ಹಂತಿಯ ಪದಕ್ಕೆ ಅಲ್ಲಿ ಜಾಗವೆಲ್ಲಿ? ಬೆಳಗಿನ ರಾಗವನ್ನೂ ಮಟಮಟ ಮಧ್ಯಾಹ್ನ ಕೇಳಬಹುದಾಯಿತು. ಹಾಡು ತನ್ನ ಹೊತ್ತನ್ನು ಬಿಟ್ಟು ಹೊರಬಂದದ್ದು ಹೀಗೆ. ಇದರಿಂದ ನಷ್ಟವಷ್ಟೇ ಆಯಿತೆನ್ನಬೇಡಿ. ಗದಗಿನ ಹುಡುಗನೊಬ್ಬ ಅಂಗಡಿಯ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಹಾಡು ಕೇಳಿ, ಅಂಥ ವಿದ್ಯೆ ಬೇಕೆಂದು ಮನೆಬಿಟ್ಟು ಊರೂರು ಅಲೆದ. ಕೊನೆಗೆ ಅವನಿಗೆ ಗುರು ದೊರೆತದ್ದು ಕುಂದಗೋಳದಲ್ಲಿ, ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ (1886-1952) ಮನೆಯಲ್ಲಿ. ಆ ಹುಡುಗನೇ ಮುಂದೆ ಭಾರತರತ್ನ ಪಡೆದ ಭೀಮಸೇನ ಜೋಶಿ. ಗಂಗೂಬಾಯಿ ಹಾನಗಲ್ಲರೂ ಇದೇ ಗುರುವಿನ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬಂದುಹೋಗುತ್ತಿದ್ದರು.

ಮೂರನೆಯದು ರೇಡಿಯೋ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾಯಿತು. ಹುಕ್ಕೇರಿ ಬಾಳಪ್ಪನವರಂಥ ಹಾಡುಗಾರರ ಧ್ವನಿ ಅದರ ಮೂಲಕ ಹಳ್ಳಿಹಳ್ಳಿಗೆ ತಲುಪಿತು. ಆಮೇಲೆ ಬಂದದ್ದು ಕ್ಯಾಸೆಟ್ಟು, ಈಗ ಮೊಬೈಲು.

ಯಾವುದು ಹೋಯಿತು, ಯಾವುದು ಉಳಿಯಿತು

ಹಳ್ಳಿಗೆ ಹಿಟ್ಟಿನ ಗಿರಣಿ ಬಂದಿತು. ಹೆಣ್ಣುಮಕ್ಕಳ ತೋಳಿನ ನೋವು ಹೋಯಿತು, ಅದು ಒಳ್ಳೆಯದೇ. ಅದರ ಜೊತೆಗೆ ಬೀಸುವ ಪದವೂ ಹೋಯಿತು. ರಾಶಿ ಮಾಡುವ ಯಂತ್ರ ಬಂದ ಮೇಲೆ ಹಂತಿಯೂ ಇಲ್ಲ, ಹಂತಿಯ ಪದವೂ ಅಪರೂಪ. ಈ ಹಾಡುಗಳನ್ನು ಯಾರೂ ಬೇಸರಪಟ್ಟು ಬಿಡಲಿಲ್ಲ. ಹಾಡುವ ಕೆಲಸವೇ ನಿಂತುಹೋಯಿತು.

ಹಾಗಿದ್ದರೆ ಶಿಶುನಾಳ ಶರೀಫರ (1819-1889) ತತ್ವಪದಗಳು ಇಂದಿಗೂ ಏಕೆ ಬದುಕಿವೆ? ಶರೀಫರ ಗುರು ಗೋವಿಂದಭಟ್ಟರು ಕುಂದಗೋಳ ತಾಲೂಕಿನ ಕಳಸದವರು. ಆ ಪದಗಳಲ್ಲಿ ಬರುವುದೂ ಮನೆ, ಮಳೆ, ಕೋಳಿ, ಬಿತ್ತನೆಗಳಂಥ ದಿನಬಳಕೆಯ ಸಂಗತಿಗಳೇ. ಆದರೆ ಅವನ್ನು ಹಾಡಲು ಇಂಥದೇ ತಿಂಗಳು, ಇಂಥದೇ ಕೆಲಸ ಬೇಕಿಲ್ಲ. ನಾಲ್ಕು ಜನ ಕೂಡಿದಲ್ಲಿ, ಏಕತಾರಿ, ತಾಳ ಇದ್ದಲ್ಲಿ ಭಜನೆ ನಡೆಯುತ್ತದೆ. ಭಜನಾಮೇಳಗಳು ಅವನ್ನು ಬಾಯಿಂದ ಬಾಯಿಗೆ ದಾಟಿಸಿದವು. ಸಿ. ಅಶ್ವತ್ಥ್ ಅವರ ಗಾಯನ ಮತ್ತು 1990ರಲ್ಲಿ ಬಂದ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಅವನ್ನು ಕನ್ನಡ ನಾಡಿನ ಮನೆಮನೆಗೆ ಮುಟ್ಟಿಸಿದವು. ಕೆಲಸಕ್ಕೆ ಕಟ್ಟುಬಿದ್ದ ಹಾಡು ಕೆಲಸದೊಂದಿಗೆ ಹೋಗುತ್ತದೆ, ಜನ ಕೂಡುವುದಕ್ಕೆ ಕಟ್ಟುಬಿದ್ದ ಹಾಡು ಜನ ಕೂಡುವವರೆಗೆ ಉಳಿಯುತ್ತದೆ.

ನನ್ನದೊಂದು ತಪ್ಪು

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನವಲಗುಂದ ತಾಲೂಕಿನ ಒಂದು ಹಳ್ಳಿಗೆ ಚಿತ್ರೀಕರಣಕ್ಕೆ ಹೋಗಿದ್ದೆ. ಅಜ್ಜಿಯೊಬ್ಬರು ಕ್ಯಾಮೆರಾದ ಮುಂದೆ ಕುಳಿತರು. ಎಷ್ಟು ಕೇಳಿದರೂ ಒಂದು ಪದವೂ ನೆನಪಾಗಲೊಲ್ಲದು. ಅವರ ಸೊಸೆ ಹಿತ್ತಲಿನಲ್ಲಿ ಬಿದ್ದಿದ್ದ ಬೀಸುವ ಕಲ್ಲನ್ನು ತೊಳೆದು ತಂದಿಟ್ಟರು. ಕೈ ಗೂಟ ಹಿಡಿಯಿತು, ಕಲ್ಲು ತಿರುಗಿತು, ಒಂದರ ಹಿಂದೊಂದು ಪದ ಬರತೊಡಗಿದವು. ಕಲ್ಲಿನ ಗರಗರ ಸದ್ದಿನಲ್ಲಿ ಧ್ವನಿ ಶುದ್ಧವಾಗಿ ಬರುತ್ತಿಲ್ಲವೆಂದು ನಾನು, ವಿಜ್ಞಾನ ಓದಿದ ಜಾಣ, "ಯವ್ವಾ, ಕಲ್ಲು ನಿಲ್ಲಿಸಿ ಹಾಡ್ರಿ" ಎಂದೆ. ಹಾಡು ನಿಂತಿತು. ಅಜ್ಜಿ ನಕ್ಕು, "ಕಲ್ಲ ನಿಂತ್ರ ಹಾಡ ಹೆಂಗ ಬರ್ತದೋ ತಮ್ಮಾ?" ಎಂದರು.

ಅಂದು ಮುದ್ರಿಸಿದ್ದರಲ್ಲಿ ಕಾರ್ಯಕ್ರಮಕ್ಕೆ ಬೇಕಾದ 40 ಸೆಕೆಂಡುಗಳನ್ನಷ್ಟೇ ಇಟ್ಟುಕೊಂಡೆ. ಉಳಿದದ್ದರ ಮೇಲೆ ಬೇರೆ ಚಿತ್ರೀಕರಣ ನಡೆಯಿತು. ಕೆಲವು ವರ್ಷಗಳ ಬಳಿಕ ಆ ಊರಿಗೆ ಹೋದಾಗ ಅಜ್ಜಿ ಇರಲಿಲ್ಲ. ಮೊಮ್ಮಗಳು ಬಂದು, "ಸರ್, ನಮ್ಮ ಆಯಿ ಹಾಡಿದ್ದು ಪೂರಾ ಐತೇನ್ರಿ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ನೀವು ಮಾಡಬಹುದಾದದ್ದು

ಅಂದು ನಾವು ಹೊತ್ತೊಯ್ದ ಯಂತ್ರಗಳ ಕೆಲಸವನ್ನು ಇಂದು ನಿಮ್ಮ ಮನೆಯ ಮೊಬೈಲು ಮಾಡುತ್ತದೆ. ಬರುವ ರಜೆಯಲ್ಲಿ ನಿಮ್ಮ ಅಜ್ಜಿ, ಅಜ್ಜ ಅಥವಾ ನೆರೆಯ ಹಿರಿಯರ ಬಳಿ ಕುಳಿತುಕೊಳ್ಳಿ. "ಒಂದು ಹಾಡು ಹೇಳಿ" ಎಂದು ಕೇಳಬೇಡಿ. "ಜೋಳ ಬೀಸುವಾಗ ಏನು ಹಾಡುತ್ತಿದ್ದಿರಿ? ಪಂಚಮಿಗೆ ಯಾವುದು? ಮಗುವನ್ನು ತೊಟ್ಟಿಲಿಗೆ ಹಾಕುವಾಗ ಯಾವುದು?" ಎಂದು ಕೇಳಿ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯ ಕಡೆಯವರಾದರೆ ಕೊನೆಯ ಪ್ರಶ್ನೆಯನ್ನು ಮರೆಯಲೇಬೇಡಿ. ಕಲ್ಲು ಇದ್ದರೆ ಕಲ್ಲನ್ನೂ, ಮೊರ ಇದ್ದರೆ ಮೊರವನ್ನೂ ಕೈಗೆ ಕೊಡಿ. ಅವರ ಒಪ್ಪಿಗೆ ಪಡೆದು, ನಡುವೆ ತಡೆಯದೆ, ಮೊದಲಿನಿಂದ ಕೊನೆಯವರೆಗೆ ಮುದ್ರಿಸಿಕೊಳ್ಳಿ. ಹಾಡಿದವರ ಹೆಸರು, ಊರು, ದಿನಾಂಕ, ಯಾವ ಹೊತ್ತಿನ ಹಾಡು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿ. ಪ್ರತಿಯೊಂದನ್ನು ಆ ಮನೆಯವರಿಗೂ ಕೊಡಿ.

ಮುದ್ರಿಸುವಾಗ ಕಲ್ಲಿನ ಸದ್ದು ಬಂದರೆ ಬರಲಿ. ಅದೂ ಹಾಡಿನದೇ ಒಂದು ಭಾಗ.